ಹದಿಹರೆಯದವರಿಗೆ ಕಾದಂಬರಿ ಬರೆಯುವವರ ವರ್ಷ: ಬರವಣಿಗೆಯ ಮೇಜಿನಿಂದ ಶಾಲೆಯ ಬೆಂಚಿನವರೆಗೆ

ಎಂಟನೆಯ ತರಗತಿಯಿಂದ ಪಿಯುಸಿ ಎರಡನೆಯ ವರ್ಷದವರೆಗಿನ ಮಕ್ಕಳಿಗಾಗಿ ಕನ್ನಡದಲ್ಲಿ ಕಾದಂಬರಿ ಬರೆಯುವವರಿಗೆ ಬೇರೆ ಲೇಖಕರಿಗಿಲ್ಲದ ಒಂದು ತೊಡಕು ಇದೆ. ಪುಸ್ತಕ ಓದಬೇಕಾದವರು ಒಬ್ಬರು, ಅದಕ್ಕೆ ದುಡ್ಡು ಕೊಡುವವರು ಇನ್ನೊಬ್ಬರು, ಓದಲು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮತ್ತೊಬ್ಬರು. ನಾನು ಧಾರವಾಡದಲ್ಲಿ ವಾಸವಾಗಿದ್ದು, ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ದುಡಿಯುತ್ತ, ಇಂಥ ಮೂರು ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಬಹುಪಾಲು ಪ್ರತಿಗಳನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿ ಮಾರಿದ್ದೇನೆ. ಆ ಅನುಭವದ ಮೇಲೆ ಹೊಸಬರಿಗೆ ಹೇಳಬಹುದಾದದ್ದು ಇಷ್ಟು: ಬರವಣಿಗೆ, ಮುದ್ರಣ, ಪ್ರಚಾರ ಮೂರನ್ನೂ ಶಾಲೆಯ ವರ್ಷಕ್ಕೆ ಹೊಂದಿಸಿಕೊಳ್ಳದಿದ್ದರೆ ಈ ಬಗೆಯ ಪುಸ್ತಕ ತನ್ನ ಓದುಗರ ಕೈ ಸೇರುವುದಿಲ್ಲ. ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲನೆಯದು: ವರ್ಷವನ್ನು ಹಂಚಿಕೊಳ್ಳಿ

ನನ್ನ ಮೊದಲ ಕಾದಂಬರಿ ಬಿಡುಗಡೆಯಾದದ್ದು ಮಾರ್ಚ್ ಎರಡನೆಯ ವಾರದಲ್ಲಿ. ಸಭಾಗೃಹ ಆ ದಿನ ಸಿಕ್ಕಿತು, ಅತಿಥಿಗಳಿಗೂ ಆ ದಿನವೇ ಅನುಕೂಲವಾಗಿತ್ತು. ಅದು ಪಿಯುಸಿ ಪರೀಕ್ಷೆ ನಡೆದಿರುವ, ಎಸ್ಸೆಸ್ಸೆಲ್ಸಿ ಮಕ್ಕಳು ಮನೆಯಿಂದ ಹೊರಗೆ ಕಾಲಿಡದ ವಾರ ಎಂಬುದು ನನಗೆ ಹೊಳೆಯಲೇ ಇಲ್ಲ. ಹದಿನೈದು ವರ್ಷದ ಹುಡುಗಿಯ ಕಥೆಯನ್ನು ಕೇಳಲು ಬಂದವರಲ್ಲಿ ಐವತ್ತು ದಾಟದವರು ನಾನು, ನನ್ನ ತಂಗಿ ಮತ್ತು ಮೈಕಿನ ಹುಡುಗ.

ಆದ್ದರಿಂದ ಹೊಸ ಪುಸ್ತಕಕ್ಕೆ ಕುಳಿತುಕೊಳ್ಳುವ ಮೊದಲು ಒಂದು ಕ್ಯಾಲೆಂಡರ್ ತೆಗೆದುಕೊಂಡು ಗುರುತು ಹಾಕಿಕೊಳ್ಳಿ. ಶಾಲೆಗಳು ಮೇ ಕೊನೆಗೆ ತೆರೆದು, ಪ್ರವೇಶ, ಪಠ್ಯಪುಸ್ತಕಗಳ ಗದ್ದಲವೆಲ್ಲ ಮುಗಿದು ಒಂದು ಲಯಕ್ಕೆ ಬರುವ ಹೊತ್ತಿಗೆ ಜೂನ್ ಮುಗಿದಿರುತ್ತದೆ. ಜುಲೈ ಮತ್ತು ಆಗಸ್ಟ್ ಶಾಲೆಗಳಿಗೆ ಹೋಗಲು ಒಳ್ಳೆಯ ಕಾಲ. ಸೆಪ್ಟೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ತಯಾರಿ, ಅಕ್ಟೋಬರಿನಲ್ಲಿ ದಸರಾ ರಜೆ. ನವೆಂಬರ್ 1ರ ರಾಜ್ಯೋತ್ಸವ, 14ರ ಮಕ್ಕಳ ದಿನಾಚರಣೆ, ಅಂದಿನಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಗಳು ಬಂದಾಗ ಶಾಲೆಗಳೇ ಅತಿಥಿಗಳನ್ನು ಹುಡುಕುತ್ತಿರುತ್ತವೆ. ಡಿಸೆಂಬರ್, ಜನವರಿ ಸ್ನೇಹಸಮ್ಮೇಳನದ, ಅಂದರೆ ನಮ್ಮ ಕಡೆಯ ಬಾಯಿಮಾತಿನ ‘ಗ್ಯಾದರಿಂಗಿ’ನ ಕಾಲ. ಫೆಬ್ರುವರಿಯಿಂದ ಮೇ ಮಧ್ಯದವರೆಗೆ ಯಾವ ಶಾಲೆಯೂ ನಿಮಗೆ ಬಾಗಿಲು ತೆರೆಯುವುದಿಲ್ಲ. ಅದೇ ನಿಮ್ಮ ಬರವಣಿಗೆಯ ಕಾಲ. ಹೀಗೆ ಬರೆದ ಕರಡು ಮಳೆಗಾಲದಲ್ಲಿ ಕೆಲವು ಮಕ್ಕಳ ಮುಂದೆ ಓದಿಸಿಕೊಂಡು, ಚಳಿಗಾಲದಲ್ಲಿ ತಿದ್ದಿಸಿಕೊಂಡು, ಮುಂದಿನ ಬೇಸಿಗೆಯಲ್ಲಿ ಅಚ್ಚಿಗೆ ಹೋಗಿ, ಜೂನ್ ಕೊನೆಯ ವಾರದಲ್ಲಿ ಹೊರಬರಬೇಕು. ಫೆಬ್ರುವರಿಯಲ್ಲಿ ಮೊದಲ ಸಾಲು ಬರೆದ ಪುಸ್ತಕಕ್ಕೆ ಸುಮಾರು ಹದಿನೇಳು ತಿಂಗಳು ಹಿಡಿಯುತ್ತದೆ. ಅವಸರ ಮಾಡಿ ಇದನ್ನು ಹನ್ನೆರಡಕ್ಕೆ ಇಳಿಸಿದರೆ ಪುಸ್ತಕ ಮತ್ತೆ ಯಾವುದಾದರೊಂದು ಪರೀಕ್ಷೆಯ ಬಾಯಿಗೇ ಹೋಗಿ ಬೀಳುತ್ತದೆ.

ಎರಡನೆಯದು: ದಿನಕ್ಕೆ ನಾನೂರು ಪದ

ಈ ವಯಸ್ಸಿನ ಓದುಗರಿಗೆ ಮೂವತ್ತು ಸಾವಿರ ಪದಗಳ ಕಾದಂಬರಿ ಸಾಕು. ದಿನಕ್ಕೆ ನಾನೂರು ಪದಗಳಂತೆ, ವಾರಕ್ಕೆ ಐದು ದಿನ ಬರೆದರೆ ಹದಿನೈದು ವಾರಗಳಲ್ಲಿ ಕರಡು ಮುಗಿಯುತ್ತದೆ. ಫೆಬ್ರುವರಿ ಒಂದರಿಂದ ಮೇ ಮಧ್ಯದವರೆಗೆ ಇರುವುದೂ ಅಷ್ಟೇ ವಾರಗಳು. ನಾನು ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಬರೆಯುತ್ತೇನೆ. ಹಾಲಿನವರು ಬಂದು ಗಂಟೆ ಬಾರಿಸಿದ ಮೇಲೆ ಮನೆ ನನ್ನದಾಗಿ ಉಳಿಯುವುದಿಲ್ಲ. ಆ ಒಂದೂವರೆ ಗಂಟೆಯಲ್ಲಿ ಫೋನು ಅಡುಗೆಮನೆಯ ಕಟ್ಟೆಯ ಮೇಲಿರಬೇಕು, ಹಳೆಯ ಪುಟಗಳನ್ನು ತಿದ್ದಬಾರದು, ನಿನ್ನೆಯ ಕೊನೆಯ ಪ್ಯಾರಾ ಮಾತ್ರ ಓದಿ ಮುಂದುವರಿಯಬೇಕು. ಪ್ರಚಾರದ ಕೆಲಸಗಳಾದ ಪತ್ರ ಬರೆಯುವುದು, ಪಾರ್ಸೆಲ್ ಕಟ್ಟುವುದು, ಲೆಕ್ಕ ಬರೆಯುವುದನ್ನು ಶನಿವಾರ ಸಂಜೆಗೆ ಕಟ್ಟಿಹಾಕಿ. ಅವನ್ನು ದಿನವೂ ಮಾಡಲು ಹೋದವರು ಬರೆಯುವುದನ್ನು ಬಿಟ್ಟಿರುವುದನ್ನು ನೋಡಿದ್ದೇನೆ. ಪ್ರಚಾರ ಮಾಡಿದಾಗಲೂ ಏನೋ ಕೆಲಸ ಮಾಡಿದ ಸಮಾಧಾನ ಸಿಗುತ್ತದೆ, ತೊಂದರೆ ಇರುವುದೇ ಅಲ್ಲಿ.

ಮೂರನೆಯದು: ಕಿವಿಯನ್ನು ತೆರೆದಿಡಿ

ಹುಬ್ಬಳ್ಳಿ–ಧಾರವಾಡದ ನಡುವಿನ ಇಪ್ಪತ್ತೆರಡು ಕಿಲೋಮೀಟರಿನ ಚಿಗರಿ ಬಸ್ಸಿನ ದಾರಿ ನನಗೆ ಯಾವ ಗ್ರಂಥಾಲಯಕ್ಕಿಂತ ಹೆಚ್ಚು ಕಲಿಸಿದೆ. ಬೆಳಿಗ್ಗೆ ಎಂಟೂವರೆಯ ಬಸ್ಸಿನಲ್ಲಿ ಪಿಯುಸಿ ಹುಡುಗರು, ಕೋಚಿಂಗಿಗೆ ಹೋಗುವವರು ತುಂಬಿರುತ್ತಾರೆ. “ನಮ್ಮಪ್ಪಗ ಇನ್ನೂ ಮಾರ್ಕ್ಸ್ ಹೇಳಿಲ್ಲಲೇ, ಫೋನ್ ಸೈಲೆಂಟ್ ಮಾಡೇನಿ” ಎಂದು ಉಣಕಲ್ಲಿನಲ್ಲಿ ಹತ್ತಿದ ಹುಡುಗನೊಬ್ಬ ಗೆಳೆಯನಿಗೆ ಹೇಳಿದ್ದು ನನ್ನ ಎರಡನೆಯ ಕಾದಂಬರಿಯ ಮೊದಲ ಅಧ್ಯಾಯಕ್ಕೆ ಬೀಜವಾಯಿತು. ಹಾಗೆಂದು ಮಾತುಗಳನ್ನು ಅಕ್ಷರಶಃ ಎತ್ತಿ ಇಡಬೇಡಿ. ಈ ವಯಸ್ಸಿನವರ ಬಳಕೆಯ ಮಾತು ಮೂರು ವರ್ಷಕ್ಕೆ ಹಳತಾಗುತ್ತದೆ, ಅವರನ್ನು ಅಣಕಿಸುತ್ತಿದ್ದೀರಿ ಎಂಬ ಭಾವನೆಯೂ ಬರುತ್ತದೆ. ನಿರೂಪಣೆಯನ್ನು ಸರಳ ಗ್ರಂಥಸ್ಥ ಕನ್ನಡದಲ್ಲಿ ಇಟ್ಟು, ಸಂಭಾಷಣೆಯಲ್ಲಿ ಮಾತ್ರ ಧಾರವಾಡದ ಆಡುನುಡಿಯನ್ನು ಬಿಟ್ಟುಕೊಂಡರೆ ಮೈಸೂರು ಕಡೆಯ ಓದುಗರೂ ಎಡವುವುದಿಲ್ಲ, ಇಲ್ಲಿಯ ಮಕ್ಕಳಿಗೆ ತಮ್ಮ ಮನೆಯ ಮಾತು ಅಚ್ಚಿನಲ್ಲಿ ಕಂಡ ಸಂತೋಷವೂ ಆಗುತ್ತದೆ.

ಕರಡು ಮುಗಿದ ಮೇಲೆ ಐದಾರು ಮಕ್ಕಳ ಕೈಗೆ, ಅವರ ತಂದೆತಾಯಿಗಳಿಗೆ ತಿಳಿಸಿಯೇ, ಕೊಡಿ. “ಹೇಗಿದೆ?” ಎಂದು ಕೇಳಿದರೆ “ಚಲೋ ಐತ್ರಿ” ಎಂಬ ಒಂದೇ ಉತ್ತರ ಬರುತ್ತದೆ, ಏಕೆಂದರೆ ನಮ್ಮ ಮಕ್ಕಳು ಹಿರಿಯರ ಮುಂದೆ ಬೇರೆ ಏನೂ ಹೇಳುವುದಿಲ್ಲ. ಬದಲಿಗೆ ಒಂದು ಪೆನ್ಸಿಲ್ ಕೊಟ್ಟು, ಓದುವುದನ್ನು ನಿಲ್ಲಿಸಿದ ಜಾಗಕ್ಕೆಲ್ಲ ಒಂದು ಗೆರೆ ಎಳೆಯಲು ಹೇಳಿ. ಊಟಕ್ಕೆ ಎದ್ದಿರಲಿ, ಬೇಸರ ಬಂದಿರಲಿ, ಗೆರೆ ಸಾಕು. ಐದು ಪ್ರತಿಗಳಲ್ಲಿಯೂ ಒಂದೇ ಪುಟದ ಆಸುಪಾಸಿನಲ್ಲಿ ಗೆರೆ ಬಿದ್ದಿದ್ದರೆ ಆ ಪುಟ ಕೆಟ್ಟಿದೆ ಎಂದೇ ಅರ್ಥ.

ನಾಲ್ಕನೆಯದು: ಹಸ್ತಪ್ರತಿಯಿಂದ ಅಚ್ಚಿಗೆ

ಪ್ರಕಾಶಕರು ಒಪ್ಪಿದರೆ ಒಳ್ಳೆಯದು, ಆದರೆ ಬಾಯಿಮಾತಿನಲ್ಲಿ ಮುಗಿಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ತಿಳಿಯಲಾಗುತ್ತದೆ. ಕರಾರಿನಲ್ಲಿ ಮುದ್ರಿಸುವ ಪ್ರತಿಗಳ ಸಂಖ್ಯೆ, ಗೌರವಧನ (ಮುಖಬೆಲೆಯ ನೂರಕ್ಕೆ ಹತ್ತರಷ್ಟು ರೂಢಿಯಲ್ಲಿದೆ), ಮತ್ತು ನೀವು ಶಾಲೆಗಳಿಗೆ ಒಯ್ಯಲು ಯಾವ ರಿಯಾಯಿತಿಯಲ್ಲಿ ಪ್ರತಿ ಪಡೆಯಬಹುದು ಎಂಬ ಮೂರು ವಿಷಯ ಸ್ಪಷ್ಟವಾಗಿರಲಿ. ಮೂರನೆಯದನ್ನು ಹೊಸಬರು ಮರೆಯುತ್ತಾರೆ. ನಮ್ಮ ಬಗೆಯ ಪುಸ್ತಕಕ್ಕೆ ಅದೇ ಮುಖ್ಯ.

ಸ್ವತಃ ಪ್ರಕಟಿಸುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬೇಕಾಗುತ್ತದೆ. ಈ ಹದಿಮೂರು ಅಂಕಿಗಳ ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ದುಡ್ಡು ತೆಗೆದುಕೊಂಡು ಕೊಡಿಸುತ್ತೇವೆ ಎನ್ನುವವರ ಗೊಡವೆ ಬೇಡ. ಅಚ್ಚಾದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮುಂತಾದ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಪ್ರತಿ ಕಳಿಸುವುದು 1954ರ ಕಾಯ್ದೆಯಂತೆ ಪ್ರಕಾಶಕರ ಹೊಣೆ, ಆಗ ಪ್ರಕಾಶಕರು ನೀವೇ. ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಯನ್ನು ಪತ್ರಿಕೆಗಳಲ್ಲಿ ಗಮನಿಸುತ್ತಿರಿ.

ಮುದ್ರಣಕ್ಕೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಮುದ್ರಣಾಲಯಗಳಿವೆ, ಗದಗಕ್ಕಂತೂ ಮುದ್ರಣಕಾಶಿ ಎಂಬ ಹೆಸರೇ ಇದೆ. ಡೆಮಿ 1/8 ಆಕಾರದಲ್ಲಿ ಒಂದು ಫಾರ್ಮಿಗೆ, ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆಗೆ, ಹದಿನಾರು ಪುಟ. ನಿಮ್ಮ ಪುಸ್ತಕ 163 ಪುಟಕ್ಕೆ ಬಂದು ನಿಂತರೆ ಮೂರು ಪುಟಕ್ಕಾಗಿ ಅರ್ಧ ಫಾರ್ಮಿನ ಕಾಗದ ತೆರಬೇಕಾಗುತ್ತದೆ. ಹಾಗಾದಾಗ ಮೂರು ಪುಟ ಕತ್ತರಿಸಿ 160ಕ್ಕೆ ತನ್ನಿ. ಕತ್ತರಿಸಬಹುದಾದ ಮೂರು ಪುಟ ಎಲ್ಲ ಕಾದಂಬರಿಯಲ್ಲಿಯೂ ಇರುತ್ತವೆ.

ಅಚ್ಚಿನ ಕರಡು ತಿದ್ದುವಾಗ ಒಂದು ಸಂಗತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ನೀವು ಯುನಿಕೋಡಿನಲ್ಲಿ ಬರೆದಿರುತ್ತೀರಿ, ಪುಟವಿನ್ಯಾಸ ಮಾಡುವವರು ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಬದಲಿಸಿಕೊಂಡಿರುತ್ತಾರೆ, ಮುಂದೆ ಇ-ಪುಸ್ತಕಕ್ಕೆಂದು ಮತ್ತೆ ಯುನಿಕೋಡಿಗೆ ತಿರುಗಿಸುತ್ತಾರೆ. ಈ ಓಡಾಟದಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ: ‘ಅರ್ಥ’ ಹೋಗಿ ‘ಅಥರ್’ ಆಗುತ್ತದೆ, ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತಾನೆ. ಹಿರಿಯ ಓದುಗರು ಸರಿಮಾಡಿಕೊಂಡು ಓದಿಯಾರು. ಕನ್ನಡವನ್ನು ಎರಡನೆಯ ಭಾಷೆಯಾಗಿ ಓದುವ ಒಂಬತ್ತನೆಯ ತರಗತಿಯ ಹುಡುಗ ಅಲ್ಲಿಯೇ ಪುಸ್ತಕ ಮುಚ್ಚುತ್ತಾನೆ. ಕಡತದಲ್ಲಿ ಪದದ ಕೊನೆಗೆ ‘ರ್’ ಬಂದ ಎಡೆಗಳನ್ನೆಲ್ಲ ಹುಡುಕಿಸಿ, ಒಂದೊಂದಾಗಿ ನೋಡಿ.

ಐದನೆಯದು: ಬಿಡುಗಡೆ

ಇದಕ್ಕೆ ಹೆಚ್ಚು ಹಣ, ಹೆಚ್ಚು ನಿದ್ದೆ ಖರ್ಚು ಮಾಡಬೇಡಿ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಂಗಣವಿರಲಿ, ಇನ್ನೊಂದಿರಲಿ, ಧಾರವಾಡದಲ್ಲಿ ಸಭೆಗಳಿಗೆ ಕೊರತೆ ಇಲ್ಲ, ಬರುವವರಿಗೂ ಕೊರತೆ ಇಲ್ಲ, ಆದರೆ ಬರುವವರು ನಿಮ್ಮ ಓದುಗರಲ್ಲ. ಹಿರಿಯರ ಗೌರವಕ್ಕಾಗಿ ಒಂದು ಸಣ್ಣ ಸಭೆ ಮಾಡುವುದಾದರೆ ಮಾಡಿ. ಪುಸ್ತಕ ಕುರಿತು ಮಾತಾಡಲು ಮಾತ್ರ ಹತ್ತನೆಯ ತರಗತಿಯ ಒಬ್ಬರನ್ನು ನಿಲ್ಲಿಸಿ. ಮಗ ಮಾತಾಡುತ್ತಾನೆಂದರೆ ಅವನ ತಂದೆತಾಯಿ, ಸೋದರಮಾವ, ಓಣಿಯ ಗೆಳೆಯರು ತಾವಾಗಿಯೇ ಬರುತ್ತಾರೆ. ಹುಬ್ಬಳ್ಳಿಯಿಂದ ಹೊರಡುವ ಪತ್ರಿಕೆಗಳಿಗೆ ಎರಡೆರಡು ಪ್ರತಿ, ಧಾರವಾಡ ಆಕಾಶವಾಣಿಗೆ ಒಂದು ಪ್ರತಿ ಮತ್ತು ಕೈಬರಹದ ಒಂದು ಪತ್ರ ಕಳಿಸಿ. ಪತ್ರಿಕೆಗೆ ಬಂದ ಪುಸ್ತಕಗಳ ಪಟ್ಟಿಯಾದ ‘ಸಾದರ ಸ್ವೀಕಾರ’ದಲ್ಲಿ ಹೆಸರು ಬಂದರೂ ಆ ತುಣುಕನ್ನು ಕತ್ತರಿಸಿ ಇಟ್ಟುಕೊಳ್ಳಿ, ಮುಖ್ಯಾಧ್ಯಾಪಕರಿಗೆ ತೋರಿಸಲು ಬರುತ್ತದೆ.

ಆರನೆಯದು: ಶಾಲೆಗೆ ಹೋಗುವುದು

ಹಾವೇರಿ ಸೀಮೆಯ ಗಳಗನಾಥರು ನೂರು ವರ್ಷದ ಹಿಂದೆ ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದವರು. ಅವರ ನಾಡಿನಲ್ಲಿ ಬರೆಯುವ ನಮಗೆ ಚೀಲ ಹೊರುವುದರಲ್ಲಿ ಸಂಕೋಚ ಬೇಕಿಲ್ಲ, ಬೇಕಾದದ್ದು ತಯಾರಿ.

ಮೊದಲು ಮುಖ್ಯಾಧ್ಯಾಪಕರಿಗೆ ಒಂದು ಪುಟದ ಪತ್ರ ಬರೆಯಿರಿ. ಅದರಲ್ಲಿ ನಾಲ್ಕೇ ಮಾತು ಇರಲಿ: ನಾನು ಯಾರು, ಯಾವ ತರಗತಿಗೆ ಬರಬಯಸುತ್ತೇನೆ, ನಲವತ್ತು ನಿಮಿಷದ ಒಂದೇ ಪಿರಿಯಡ್ ಸಾಕು, ಸನ್ಮಾನ ಬೇಡ. ಕೊನೆಯದನ್ನು ಗೆರೆ ಎಳೆದು ಬರೆಯಿರಿ. ಬರೆಯದಿದ್ದರೆ ಸ್ವಾಗತಗೀತೆ, ಪರಿಚಯ, ಶಾಲು, ಹಾರ, ಫಲತಾಂಬೂಲ ಎಂದು ಇಪ್ಪತ್ತು ನಿಮಿಷ ಹೋಗಿ, ಮಕ್ಕಳು ಅಂಗಳದ ಬಿಸಿಲಿನಲ್ಲಿ ಕುಳಿತು ನಿಮ್ಮನ್ನು ಶಪಿಸುತ್ತಿರುತ್ತಾರೆ. ಪತ್ರದ ಜೊತೆ ಪುಸ್ತಕದ ಒಂದು ಪ್ರತಿಯನ್ನೂ ಕೊಡಿ, ಒಂದು ವಾರ ಬಿಟ್ಟು ಹೋಗಿ. “ಮಕ್ಕಳು ಕಾದಂಬರಿ ಓದಿದ್ರ ಅಭ್ಯಾಸಕ್ಕ ಹಿಂದ ಬೀಳ್ತಾರ್ರೀ” ಎಂಬ ಮಾತು ಬಂದೇ ಬರುತ್ತದೆ. ವಾದ ಮಾಡಬೇಡಿ. ಪ್ರೀತಿಪ್ರೇಮ, ಮನೆ ಬಿಟ್ಟು ಓಡುವುದು, ತಂದೆಯ ಕುಡಿತ ಇತ್ಯಾದಿ ನಿಮ್ಮ ಪುಸ್ತಕದಲ್ಲಿದ್ದರೆ ಅದನ್ನು ಮುಚ್ಚಿಡದೆ, ಯಾವ ಪುಟದಲ್ಲಿದೆ ಎಂದು ನೀವೇ ತೋರಿಸಿ. ಆಮೇಲೆ ಯಾರೋ ಪಾಲಕರು ಬಂದು ತೋರಿಸುವುದಕ್ಕಿಂತ ಅದು ಮೇಲು, ಮುಖ್ಯಾಧ್ಯಾಪಕರೂ ನಿಮ್ಮನ್ನು ನಂಬುತ್ತಾರೆ.

ತರಗತಿಯಲ್ಲಿ ಭಾಷಣ ಮಾಡಬೇಡಿ. ಐದು ನಿಮಿಷ ನಿಮ್ಮ ಪರಿಚಯ, ಹನ್ನೆರಡು ನಿಮಿಷ ಓದು, ಉಳಿದದ್ದೆಲ್ಲ ಅವರ ಪ್ರಶ್ನೆಗಳಿಗೆ. ಓದುವ ಭಾಗವನ್ನು ಮನೆಯಲ್ಲಿಯೇ ಗಟ್ಟಿಯಾಗಿ ನಾಲ್ಕು ಬಾರಿ ಓದಿ, ಗಡಿಯಾರ ನೋಡಿ, ಕಥೆ ಬಿಕ್ಕಟ್ಟಿಗೆ ಬಂದ ಸಾಲಿನ ಮೇಲೆ ನಿಲ್ಲುವಂತೆ ಗುರುತು ಮಾಡಿಕೊಳ್ಳಿ. ನಿಂತ ಮೇಲೆ “ಮುಂದೇನಾತ್ರೀ?” ಎಂದು ಯಾರಾದರೂ ಕೇಳಿದರೆ ಆ ಭಾಗ ಸರಿ, ಚಪ್ಪಾಳೆ ಬಿದ್ದರೆ ಬೇರೆ ಭಾಗ ಆರಿಸಿಕೊಳ್ಳಿ. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಕಿಟಕಿಯ ಪಕ್ಕದ ಬೆಂಚಿನಿಂದ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು, “ಅಕ್ಕಾರ, ನಿಮ್ಮ ಕತಿಯೊಳಗ ಯಾರಿಗೂ ಪರೀಕ್ಷಾನ ಇಲ್ಲೇನ್ರಿ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ಮನೆಗೆ ಬಂದು ಪುಸ್ತಕವನ್ನು ತಿರುವಿ ನೋಡಿದೆ: ಹದಿನಾರು ವರ್ಷದ ನಾಯಕಿ ಇಡೀ ಒಂದು ವರ್ಷ ಒಂದೂ ಪರೀಕ್ಷೆ ಬರೆಯದೆ ಓಡಾಡಿಕೊಂಡಿದ್ದಳು. ಯಾವ ವಿಮರ್ಶಕರೂ ಅದನ್ನು ಹೇಳಿರಲಿಲ್ಲ.

ಮಾರಾಟದ ವಿಷಯದಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ತರಗತಿಯಲ್ಲಿ ಮಕ್ಕಳ ಕೈಯಿಂದ ದುಡ್ಡು ತೆಗೆದುಕೊಳ್ಳಬೇಡಿ. ಇಪ್ಪತ್ತು ಜನ ಕೊಂಡು ಇಪ್ಪತ್ತೈದು ಜನ ಸುಮ್ಮನೆ ಕುಳಿತಿರುವ ತರಗತಿಯಲ್ಲಿ ನಿಮ್ಮ ಓದು ಯಾರಿಗೂ ನೆನಪಿರುವುದಿಲ್ಲ. ಶಾಲೆಯ ಗ್ರಂಥಾಲಯಕ್ಕೆ ಎರಡು ಪ್ರತಿ ಉಚಿತವಾಗಿ ಕೊಟ್ಟು, ಪಾಲಕರಿಗಾಗಿ ಒಂದು ಚೀಟಿ ಕಳಿಸಿ; ಬೇಕಾದವರು ಕೊಳ್ಳಲಿ. ಸಹಿಗಾಗಿ ನೋಟ್‌ಬುಕ್ಕಿನ ಹಾಳೆ ಹರಿದು ತರುವ ಮಕ್ಕಳು ಇರುತ್ತಾರೆ. ಅವರ ಹಾಳೆಯ ಮೇಲೂ ಹೆಸರು ಕೇಳಿ, ಪೂರ್ತಿ ಸಾಲು ಬರೆದು ಸಹಿ ಹಾಕಿ.

ನಿಜವಾದ ಮಾರಾಟ ಡಿಸೆಂಬರಿನಲ್ಲಿ. ಸ್ನೇಹಸಮ್ಮೇಳನದ ಬಹುಮಾನಕ್ಕೆಂದು ಶಾಲೆಗಳು ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಟ್ರೋಫಿ ಕೊಳ್ಳುವ ತಿಂಗಳು ಅದು. ನವೆಂಬರ್ ಕೊನೆಗೆ ದೈಹಿಕ ಶಿಕ್ಷಕರನ್ನು ಕಾಣಿರಿ, ಏಕೆಂದರೆ ಬಹುಮಾನದ ಪಟ್ಟಿ ಅವರ ಕೈಯಲ್ಲಿರುತ್ತದೆ. ಮೂವತ್ತು ಪ್ರತಿಗೆ ಇಂತಿಷ್ಟು, ಒಳಪುಟದಲ್ಲಿ ಶಾಲೆಯ ಹೆಸರು ಮತ್ತು ದಾನಿಗಳ ಹೆಸರು ಇರುವ ಚೀಟಿ ಅಂಟಿಸಿ ಕೊಡುತ್ತೇನೆ ಎಂದು ಹೇಳಿ. ದಾನಿಗಳ ಹೆಸರಿನ ಚೀಟಿ ಮಾಡಿದ ಕೆಲಸವನ್ನು ನನ್ನ ಬೆನ್ನುಡಿಗಳು ಮಾಡಿಲ್ಲ.

ಏಳನೆಯದು: ಫೋನಿನ ಮೇಲಿನ ಪ್ರಚಾರ

ನಲವತ್ತು ಸೆಕೆಂಡಿನ ಒಂದು ರೀಲಿನಲ್ಲಿ ಮುಖಪುಟ ತಿರುಗಿಸುತ್ತ ಹಾಡು ಹಾಕುವುದಕ್ಕಿಂತ, ಸಂಭಾಷಣೆಯ ಒಂದು ತುಣುಕನ್ನು ನಮ್ಮ ಭಾಷೆಯ ಲಯದಲ್ಲಿಯೇ ಓದಿ ಹಾಕಿದ್ದು ನನಗೆ ಹೆಚ್ಚು ಓದುಗರನ್ನು ತಂದಿದೆ. ವಾರಕ್ಕೆ ಒಂದು ಸಾಕು. ಆದರೆ ಹದಿನೆಂಟು ತುಂಬದ ಓದುಗರ ಜೊತೆ ಖಾಸಗಿ ಸಂದೇಶಗಳ ವ್ಯವಹಾರ ಇಟ್ಟುಕೊಳ್ಳಲೇಬೇಡಿ. ಯಾರಾದರೂ ಸಂದೇಶ ಕಳಿಸಿದರೆ ಶಾಲೆಯ ವಿಳಾಸಕ್ಕೆ ಪತ್ರ ಬರೆಯುವುದಾಗಿ ಹೇಳಿ, ಬರೆಯಿರಿ. ಮಕ್ಕಳ ಫೋಟೋವನ್ನು ಶಾಲೆಯ ಮತ್ತು ಪಾಲಕರ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬೇಡಿ. ಬೆಂಚುಗಳ ಹಿಂದಿನಿಂದ, ಮುಖ ಕಾಣದಂತೆ ತೆಗೆದ ಒಂದು ಚಿತ್ರ ಸಾಕಾಗುತ್ತದೆ. ಕಥೆಯಲ್ಲಿ ಇದ್ದಂಥ ಕಷ್ಟ ತನಗೂ ಇದೆ ಎಂದು ಯಾವುದಾದರೂ ಮಗು ಬರೆದರೆ ನೀವೇ ಪರಿಹಾರ ಹೇಳಲು ಹೋಗದೆ, ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ತಿಳಿಸಿ, ಆ ಮಗು ನಂಬುವ ಶಿಕ್ಷಕರೊಬ್ಬರ ಗಮನಕ್ಕೆ ತನ್ನಿ. ಈ ಸಂಖ್ಯೆಯನ್ನು ನನ್ನ ಮೂರನೆಯ ಪುಸ್ತಕದ ಕೊನೆಯ ಪುಟದಲ್ಲಿಯೇ ಅಚ್ಚು ಹಾಕಿಸಿದ್ದೇನೆ.

ಎಂಟನೆಯದು: ಅಂಚೆ ಮತ್ತು ಲೆಕ್ಕ

ಮುದ್ರಿತ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಆ ಮಟ್ಟಿಗೆ ಲೆಕ್ಕ ಸುಲಭ. 160 ಪುಟದ ಡೆಮಿ ಪುಸ್ತಕ ಹೆಚ್ಚುಕಡಿಮೆ ಇನ್ನೂರು ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ 1ರಿಂದ ಆರಂಭಿಸಿದ ಜ್ಞಾನ ಪೋಸ್ಟ್ ಸೇವೆಯಲ್ಲಿ 300 ಗ್ರಾಂವರೆಗಿನ ಪುಸ್ತಕದ ಕಟ್ಟಿಗೆ 20 ರೂಪಾಯಿ ಮತ್ತು ತೆರಿಗೆ ಎಂದು ದರ ಗೊತ್ತುಪಡಿಸಲಾಗಿತ್ತು. ಕೌಂಟರಿನಲ್ಲಿ ಆ ಹೆಸರನ್ನೇ ಹೇಳಿ ಕೇಳಬೇಕು, ಇಲ್ಲದಿದ್ದರೆ ಸ್ಪೀಡ್ ಪೋಸ್ಟಿಗೆ ಹಾಕಿಬಿಡುತ್ತಾರೆ. 180 ರೂಪಾಯಿಯ ಪುಸ್ತಕವನ್ನು ನೂರಕ್ಕೆ ಮೂವತ್ತೈದರ ರಿಯಾಯಿತಿಯಲ್ಲಿ ಅಂಗಡಿಗೆ ಕೊಟ್ಟರೆ ನಿಮಗೆ ಬರುವುದು 117. ಅದೂ ಪುಸ್ತಕ ಮಾರಾಟವಾದ ಮೇಲೆ, ನೀವು ನೆನಪಿಸಿದ ಮೇಲೆ.

ನೆನಪಿಸುವುದಕ್ಕಾಗಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಎಡಗಡೆ ಕೊಟ್ಟ ಪ್ರತಿ, ಬಲಗಡೆ ಬಂದ ದುಡ್ಡು ಬರೆಯಿರಿ. ಪ್ರತಿ ಕೊಡುವಾಗಲೇ ಅದರಲ್ಲಿ ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಳ್ಳದೆ ಒಂದು ಶಾಲೆಗೆ ನಲವತ್ತು ಪ್ರತಿ ಕೊಟ್ಟೆ. ಪ್ರತಿ ತೆಗೆದುಕೊಂಡ ಶಿಕ್ಷಕರಿಗೆ ವರ್ಗವಾಯಿತು, ಹೊಸಬರಿಗೆ ವಿಷಯ ಗೊತ್ತಿಲ್ಲ, ನನ್ನ ಬಳಿ ತೋರಿಸಲು ಕಾಗದವಿಲ್ಲ. ಎಡಗಡೆಯ ಆ ಸಾಲು ಇಂದಿಗೂ ಹಾಗೆಯೇ ಇದೆ. ಮರುವರ್ಷ ಅದೇ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬ ಚಿಗರಿಯಲ್ಲಿ ಎದುರು ಸೀಟಿನಲ್ಲಿ ಕುಳಿತು, ನಲವತ್ತರಲ್ಲಿ ಒಂದು ಪ್ರತಿಯನ್ನು, ರಟ್ಟು ಕಿತ್ತು ಬಂದದ್ದನ್ನು, ನವನಗರದವರೆಗೆ ತಲೆ ಎತ್ತದೆ ಓದಿಕೊಂಡು ಹೋದ. ನಾನು ದುಡ್ಡಿನ ವಿಷಯವನ್ನೂ ಎತ್ತಲಿಲ್ಲ, ಬರೆದವಳು ನಾನೇ ಎಂದೂ ಹೇಳಲಿಲ್ಲ. ಯಾವ ಪುಟದಲ್ಲಿ ಪುಸ್ತಕ ಮುಚ್ಚಿದ ಎಂಬುದನ್ನು ಮಾತ್ರ ನೋಡಿ, ನೋಟ್‌ಬುಕ್ಕಿನ ಬಲಗಡೆ ಬರೆದುಕೊಂಡೆ.